ಮುತ್ತಜ್ಜನ ಕಾಲದ ಕಣಜ: ಕೆಡವುವ ಮೊದಲು ಒಳಗೆ ಹೋಗಿ ನೋಡಿ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಒಂದು ಹಳ್ಳಿ. ಮನೆ ಪಕ್ಕದಲ್ಲಿ ಮುತ್ತಜ್ಜನ ಕಾಲದ ಕಣಜದ ಕಟ್ಟಡ ಇದೆ. ಮಣ್ಣಿನ ಗೋಡೆ, ಒಳಗೆ ಭತ್ತ ತುಂಬಿಡುವ ಮರದ ಪಣತ. ಒಂದು ಮೂಲೆ ಸೋರುತ್ತಿದೆ. ಹೆಂಚಿನ ಮೇಲೆ 1865 ಎಂದು ಅಚ್ಚಾಗಿದೆ. ತಮ್ಮಂದಿರು ಇದನ್ನು ಕೆಡವಿ ಹೋಮ್‌ಸ್ಟೇ ಕಟ್ಟೋಣ ಅನ್ನುತ್ತಿದ್ದಾರೆ. ಊರಿನ ಸ್ಮಾರಕ ಅಂತ ಸರ್ಕಾರದಿಂದ ಘೋಷಣೆ ಮಾಡಿಸಬಹುದಾ? ಮಾಡಿಸಿದರೆ ಜಾಗ ನಮ್ಮ ಕೈತಪ್ಪುತ್ತದಾ?

ಉತ್ತರ: ಮೊದಲು ಆ ಸೋರುವ ಮೂಲೆ ನೋಡಿ. ಅರ್ಜಿ, ಕಚೇರಿ ಎಲ್ಲ ಆಮೇಲೆ. ಮಣ್ಣಿನ ಗೋಡೆ ನೂರಾರು ವರ್ಷ ಬಿಸಿಲು ತಡೆಯುತ್ತದೆ. ಆದರೆ ತಲೆಯ ಮೇಲಿಂದ ನೀರು ಇಳಿದರೆ ನಾಲ್ಕೈದು ಮಳೆಗಾಲಕ್ಕೆ ಕುಸಿಯುತ್ತದೆ. ಒಡೆದ ಹೆಂಚು ಬದಲಾಯಿಸಿ. ಸೂರಿನ ನೀರು ಗೋಡೆಯ ಬುಡದಲ್ಲಿ ನಿಲ್ಲದ ಹಾಗೆ ಕಾಲುವೆ ತೆಗೆಸಿ. ಕಂಬದ ಬುಡವನ್ನು ಕತ್ತಿಯ ಹಿಡಿಯಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಗೆದ್ದಲು ಒಳಗೆ ಹೊಕ್ಕಿದೆ ಎಂದೇ ಅರ್ಥ.

ಗೋಡೆಗೆ ಸಿಮೆಂಟ್ ಮಾತ್ರ ಬೇಡ. ಇದನ್ನು ನೋವಿನಿಂದ ಹೇಳುತ್ತಿದ್ದೇನೆ. ಹಿಂದೊಮ್ಮೆ ಒಂದು ಕಣಜಕ್ಕೆ ಸಿಮೆಂಟ್ ಗಾರೆ ಮಾಡಿಸುವಾಗ ನಾನೂ ಅಲ್ಲೇ ಇದ್ದೆ, ಬೇಡ ಅನ್ನಲಿಲ್ಲ. ಮೂರನೇ ಮಳೆಗಾಲಕ್ಕೆ ಗಾರೆ ಹಪ್ಪಳದ ಹಾಗೆ ಎದ್ದು ಬಂತು. ಹಿಂದಿನ ಮಣ್ಣು ಒದ್ದೆಯಾಗಿ ಹಿಡಿ ಹಿಡಿಯಾಗಿ ಉದುರಿತು. ಮಣ್ಣಿನ ಗೋಡೆ ನೀರು ಹೀರುತ್ತದೆ, ಮತ್ತೆ ಹೊರಗೆ ಬಿಡುತ್ತದೆ. ಸಿಮೆಂಟ್ ಆ ದಾರಿ ಮುಚ್ಚುತ್ತದೆ. ಮಣ್ಣು, ಸುಣ್ಣದ ಕೆಲಸ ಬಲ್ಲ ಹಳೆಯ ಮೇಸ್ತ್ರಿ ಊರಲ್ಲಿ ಇನ್ನೂ ಒಬ್ಬರಾದರೂ ಇರುತ್ತಾರೆ, ಅವರನ್ನು ಕರೆಸಿ.

ಈಗ 1865ರ ವಿಷಯ. ಸ್ವಿಟ್ಜರ್ಲೆಂಡ್ ಮೂಲದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕೆಲಸ ಶುರು ಮಾಡಿದ್ದು 1860ರ ದಶಕದಲ್ಲಿ. ಹೆಂಚಿನ ಮೇಲಿನ 1865 ಸಾಮಾನ್ಯವಾಗಿ ಕಾರ್ಖಾನೆ ಶುರುವಾದ ವರ್ಷ, ಆ ಹೆಂಚು ಸುಟ್ಟ ವರ್ಷ ಅಲ್ಲ. ಎಷ್ಟೋ ದಶಕದ ನಂತರ ಬಂದ ಹೆಂಚಿನ ಮೇಲೂ ಅದೇ ಅಂಕಿ ಇದೆ. ನಿಮ್ಮ ಕಟ್ಟಡ ಅದಕ್ಕಿಂತ ಹಳೆಯದೂ ಇರಬಹುದು, ಮೊದಲು ಹುಲ್ಲು ಹೊದಿಸಿ ಆಮೇಲೆ ಹೆಂಚು ಹಾಕಿರಬಹುದು. ಹೊಸದೂ ಇರಬಹುದು. ಹಾಗಾಗಿ ವಯಸ್ಸನ್ನು ಹಳೆಯ ಲೆಕ್ಕದ ಪುಸ್ತಕ, ಪಾಲುಪಟ್ಟಿ, ಕಂದಾಯದ ಕಾಗದಗಳಲ್ಲಿ ಹುಡುಕಿ.

ವಯಸ್ಸು ಯಾಕೆ ಮುಖ್ಯ ಅಂದರೆ, ರಾಜ್ಯದ 1961ರ ಪ್ರಾಚೀನ ಸ್ಮಾರಕ ಕಾಯ್ದೆಯಡಿ ಕಟ್ಟಡಕ್ಕೆ ಕನಿಷ್ಠ 100 ವರ್ಷ ಆಗಿರಬೇಕು. ಸರ್ಕಾರ ಮೊದಲು ಅಧಿಸೂಚನೆ ಹೊರಡಿಸಿ ಆಕ್ಷೇಪಣೆ ಕೇಳುತ್ತದೆ, ಆಮೇಲೆ ಘೋಷಣೆ. ಘೋಷಣೆಯಾದ ಮಾತ್ರಕ್ಕೆ ಜಾಗ ಸರ್ಕಾರದ್ದಾಗುವುದಿಲ್ಲ. ಆದರೆ ಕೇಳದೆ ಒಂದು ಗೋಡೆಯನ್ನೂ ಮುಟ್ಟುವ ಹಾಗಿಲ್ಲ. ಜಾಗ ಜಂಟಿ ಆಗಿದ್ದರೆ ಪಾಲುದಾರರೆಲ್ಲ ಒಪ್ಪಿ ಸಹಿ ಮಾಡಿ ಅರ್ಜಿ ಕೊಡುವುದೇ ಒಳ್ಳೆಯದು, ಇಲ್ಲದಿದ್ದರೆ ತಮ್ಮಂದಿರ ಆಕ್ಷೇಪಣೆಯೇ ಮೊದಲು ಬರುತ್ತದೆ.

ಕಣಜಕ್ಕೆ ಈ ಗೌರವ ಸಿಕ್ಕಿದ್ದು ಹೊಸತೇನಲ್ಲ. 1770ರ ಕ್ಷಾಮದ ನಂತರ ಬ್ರಿಟಿಷರು ಪಟ್ನಾದಲ್ಲಿ ಗೋಲ್‌ಘರ್ ಕಟ್ಟಿಸಿದರು, ಮುಗಿದದ್ದು 1786ರಲ್ಲಿ. ತಮಿಳುನಾಡಿನ ಪಾಪನಾಶಂ ದೇವಸ್ಥಾನದಲ್ಲಿ ನಾಯಕರ ಕಾಲದ ದೊಡ್ಡ ಕಣಜ ಇದೆ. ಎರಡನ್ನೂ ಆಯಾ ರಾಜ್ಯಗಳು ಸ್ಮಾರಕವಾಗಿ ಕಾಯುತ್ತಿವೆ. ಆದರೆ ನಮ್ಮಲ್ಲಿ ದೇವಸ್ಥಾನ, ಕೋಟೆಗಳ ಸಾಲೇ ಉದ್ದ. ಒಂದು ಮನೆಯ ಕಣಜದ ಸರದಿ ಬರಲಿ ಅಂತ ಸುಮ್ನೆ ಕಾಯಬೇಡಿ. ಗ್ರಾಮಸಭೆಯಲ್ಲಿ ವಿಷಯ ಇಟ್ಟು ಪಂಚಾಯಿತಿಯಿಂದ ಒಂದು ಠರಾವು ಮಾಡಿಸಿ. ಅದಕ್ಕೆ ಕಾನೂನಿನ ಬಲ ಕಡಿಮೆ, ಆದರೂ ಮೊದಲ ದಾಖಲೆ ಅದೇ. ಹಳೆಯ ಕಟ್ಟಡ, ಪರಂಪರೆ ಉಳಿಸಲು ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯ ಹತ್ತಿರದ ಘಟಕಕ್ಕೂ ಬರೆಯಿರಿ. ಸರ್ಕಾರದ ಪಟ್ಟಿಯಲ್ಲಿ ಇಲ್ಲದ ಕಟ್ಟಡಗಳ ಬಗ್ಗೆಯೂ ಅವರು ಕೆಲಸ ಮಾಡುತ್ತಾರೆ.

ಇದೆಲ್ಲಕ್ಕಿಂತ ಜಾಸ್ತಿ ನನಗೆ ಮುಖ್ಯ ಅನ್ನಿಸುವುದು ಬೇರೆ. ಟಾರ್ಚ್ ಹಿಡಿದು ಪಣತದ ಬಾಗಿಲ ಪಕ್ಕದ ಗೋಡೆ ನೋಡಿ. ನಾನು ನೋಡಿದ ಒಂದು ಕಣಜದಲ್ಲಿ ಎದೆಯೆತ್ತರಕ್ಕೆ ಮಸಿಯ ಗೀಟುಗಳಿದ್ದವು. ಇಪ್ಪತ್ತು ಗೀಟು, ಅದರ ಮೇಲೊಂದು ಅಡ್ಡಗೀಟು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಅಲ್ವಾ? ಯಾರೋ ಭತ್ತ ಅಳೆಯುತ್ತಾ ಎಳೆದ ಲೆಕ್ಕ ಅದು. ಸುಣ್ಣ ಬಳಿದರೆ ಅರ್ಧ ದಿನದಲ್ಲಿ ಅಷ್ಟೂ ಹೋಗುತ್ತದೆ. ಮೊದಲು ಫೋಟೋ ತೆಗೆಯಿರಿ.

ಹಾಗೇ, ಆ ಭತ್ತ ಯಾರು ಹೊತ್ತು ತಂದರು ಅಂತಲೂ ಕೇಳಿ. ದೊಡ್ಡ ಮನೆಗಳ ಕಣಜ ತುಂಬುತ್ತಿದ್ದದ್ದು ಬಹುಪಾಲು ಗೇಣಿ ಭತ್ತದಿಂದ. 1974ರ ಭೂಸುಧಾರಣೆ ತಿದ್ದುಪಡಿಯಿಂದ ಉಳುವವರಿಗೆ ಜಮೀನಾಯಿತು, ಗೇಣಿ ನಿಂತಿತು, ಎಷ್ಟೋ ಕಣಜ ಖಾಲಿಯಾದವು. ನಿಮ್ಮ ಮುತ್ತಜ್ಜನ ಹೆಸರಿನ ಜೊತೆಗೆ ಆ ಒಕ್ಕಲು ಮನೆಗಳ ಹಿರಿಯರ ಮಾತನ್ನೂ ಬರೆದಿಟ್ಟುಕೊಳ್ಳಿ. ಅವರ ಮಾತಿಲ್ಲದೆ ಅದು ನಿಮ್ಮ ಮನೆಯ ಕಣಜ ಆಗಬಹುದು, ಊರಿನ ಸ್ಮಾರಕ ಆಗುವುದಿಲ್ಲ.

ತಮ್ಮಂದಿರ ಮಾತಿನಲ್ಲೂ ಹುರುಳಿದೆ. ರಿಪೇರಿಗೆ ದುಡ್ಡು ಬರಬೇಕಲ್ಲ. ಹೋಮ್‌ಸ್ಟೇ ಮಾಡಲಿ, ಮಲಗುವ ಕೋಣೆಗಳನ್ನು ಬೇರೆ ಕಡೆ ಕಟ್ಟಲಿ. ಕಣಜವನ್ನು ಊಟದ ಜಗಲಿಯಾಗಿ ಬಳಸಲಿ. ಬಾಗಿಲು ದಿನಾ ತೆರೆದು ಜನ ಓಡಾಡಿದರೆ ಸೋರಿಕೆ, ಗೆದ್ದಲು ಬೇಗ ಕಣ್ಣಿಗೆ ಬೀಳುತ್ತದೆ.

ಪ್ರಶ್ನೆ: ಹಾವೇರಿ ಜಿಲ್ಲೆಯ ನಮ್ಮೂರಲ್ಲಿ ರಸ್ತೆ ಅಗೆಯುವಾಗ ಹಳೆಯ ಹಗೇವು (ಧಾನ್ಯ ತುಂಬಿಡುವ ನೆಲದೊಳಗಿನ ಗುಂಡಿ) ಸಿಕ್ಕಿದೆ. ಮುಚ್ಚಬೇಕಾ, ಉಳಿಸಬೇಕಾ?

ಉತ್ತರ: ಉಳಿಸಿ. ಆದರೆ ಯಾರನ್ನೂ ಒಳಗೆ ಇಳಿಸಬೇಡಿ. ಮುಚ್ಚಿದ್ದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ, ಕಾಲಿಟ್ಟ ಕೂಡಲೇ ಉಸಿರು ಕಟ್ಟಿ ಪ್ರಾಣ ಹೋಗಬಹುದು. ದೀಪ ಇಳಿಸಿ ನೋಡಿದರೆ ಸಾಕು ಎಂದು ಹಿರಿಯರು ಹೇಳಬಹುದು, ಅದೊಂದನ್ನೇ ನಂಬಬೇಡಿ. ಬಾಯಿಗೆ ಇವತ್ತೇ ಬೇಲಿ ಹಾಕಿ, ಮಕ್ಕಳು ಆಡುವ ಜಾಗ ಅದು. ಮೇಲಿಂದಲೇ ಬಾಯಿಯ ಅಗಲ, ಆಳ ಅಳೆದು ಫೋಟೋ ತೆಗೆದು ಪಂಚಾಯಿತಿಗೆ ಕೊಡಿ. ಕಸ, ಕಲ್ಲು ತುಂಬುವ ಬದಲು ಗಟ್ಟಿ ಚಪ್ಪಡಿ ಮುಚ್ಚಲು ಹೇಳಿ. ತುಂಬಿದ್ದನ್ನು ಮುಂದೆ ಯಾರೂ ತೆಗೆಯುವುದಿಲ್ಲ, ಚಪ್ಪಡಿಯನ್ನು ಎತ್ತಬಹುದು.