ಆಂಪ್ಲಿಫೈಯರ್ ಬದಲಿಸಿದ ಮೇಲೆ ಹಳೆಯ ಹಾಡುಗಳು ಕರ್ಕಶವೆನಿಸುವುದೇಕೆ?

ಸೆನ್‌ಹೈಸರ್ ಎಚ್‌ಡಿ 600 ಹೆಡ್‌ಫೋನಿಗೆ ಹೊಸ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಜೋಡಿಸಿದ ಮೇಲೆ 1950–60ರ ದಶಕದ ಕನ್ನಡ ಚಿತ್ರಗೀತೆಗಳು ಕರ್ಕಶವಾಗಿ ಕೇಳುತ್ತಿವೆ, ಇದಕ್ಕೆ ಪರಿಹಾರವಾಗಿ ವಾಲ್ವ್ ಆಂಪ್ಲಿಫೈಯರ್ (ಟ್ರಾನ್ಸಿಸ್ಟರ್ ಬದಲು ಗಾಜಿನ ನಿರ್ವಾತ ಕೊಳವೆ ಬಳಸುವಂಥದ್ದು) ಕೊಳ್ಳಬಹುದೇ ಎಂದು ಕೇಳಿದ್ದೀರಿ. ಕೊಳ್ಳಬೇಡಿ ಎಂಬುದೇ ನನ್ನ ಸಲಹೆ.

ಒಳ್ಳೆಯ ಆಂಪ್ಲಿಫೈಯರ್ ತನ್ನದೇ ಆದ ಗದ್ದಲವನ್ನೂ ವಿರೂಪವನ್ನೂ ಸೇರಿಸುವುದಿಲ್ಲ, ಅಷ್ಟೆ. ಹಾಡಿನಲ್ಲಿ ಇಲ್ಲದ ದೋಷವನ್ನು ಅದು ಹುಟ್ಟಿಸಲಾರದು. ವಾಲ್ವ್ ಆಂಪ್ಲಿಫೈಯರಿನ 'ಮೃದುತ್ವ'ಕ್ಕೆ ಒಂದು ಕಾರಣ ಅದರ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಹೊರಹೋಗುವ ವಿದ್ಯುತ್ ಸಂಕೇತಕ್ಕೆ ಅದು ಒಡ್ಡುವ ತಡೆ. ಹೆಡ್‌ಫೋನಿನ ತಡೆ ಹೆಚ್ಚಿರುವ ಕಡೆ ಸಂಕೇತದ ಹೆಚ್ಚು ಪಾಲು ಹೆಡ್‌ಫೋನಿಗೆ ಸಿಗುತ್ತದೆ. ನಿಮ್ಮ ಹೆಡ್‌ಫೋನಿನ ಇಂಪೀಡೆನ್ಸ್ ಹೆಸರಿಗೆ 300 ಓಮ್ ಆದರೂ 100 ಹರ್ಟ್ಸ್ ಆಸುಪಾಸಿನಲ್ಲಿ ಅದು 500 ಓಮ್ ದಾಟುತ್ತದೆ. ಆದ್ದರಿಂದ 100 ಓಮ್ ಔಟ್‌ಪುಟ್ ಇಂಪೀಡೆನ್ಸ್ ಇರುವ ಆಂಪ್ಲಿಫೈಯರಿಗೆ ಜೋಡಿಸಿದಾಗ ಆ ಭಾಗದ ಮಂದ್ರ ಧ್ವನಿ ಉಳಿದದ್ದಕ್ಕಿಂತ ಸುಮಾರು 1 ಡೆಸಿಬೆಲ್ ಮೇಲೇಳುತ್ತದೆ. ಇದರ ಜೊತೆಗೆ ಸ್ವಲ್ಪ ಹಾರ್ಮೋನಿಕ್ ವಿರೂಪವೂ (ಮೂಲ ಸ್ವರದ ಎರಡು, ಮೂರು ಪಟ್ಟು ಕಂಪನಾಂಕದ ಹೆಚ್ಚುವರಿ ಸ್ವರಗಳು) ಸೇರಬಹುದು. ಇಷ್ಟಕ್ಕಾಗಿ ಹೊಸ ಯಂತ್ರಕ್ಕೆ ದುಡ್ಡು ಸುರಿಯುವುದು ನನಗೆ ಸರಿಕಾಣುವುದಿಲ್ಲ.

ನಿಜವಾದ ತೊಂದರೆ ಇರುವುದು ನಾವು ಕೇಳುವ ಪ್ರತಿಗಳಲ್ಲಿ. ಆ ಕಾಲದ ಚಿತ್ರಗಳ ಆಪ್ಟಿಕಲ್ ಧ್ವನಿಪಥದಲ್ಲಿ (ಫಿಲ್ಮಿನ ಅಂಚಿನಲ್ಲಿ ಬೆಳಕಿನಿಂದ ಮುದ್ರಿಸಿದ ಧ್ವನಿಯಲ್ಲಿ) ತಾರ ಭಾಗದ ಧ್ವನಿ ಮೊದಲೇ ಕಡಿಮೆ. ಮೂಲವು ಮಾನೋ (ಎರಡೂ ಕಿವಿಗೆ ಒಂದೇ ಧ್ವನಿ) ಆಗಿದ್ದು, ಅದರ ಸರ‍್ರೆನ್ನುವ ಸದ್ದು ಒಂದೇ ಸಮನಾಗಿರುವುದರಿಂದ ಕಿವಿ ಬೇಗ ಒಗ್ಗಿಕೊಳ್ಳುತ್ತದೆ. ಆದರೆ ಅದನ್ನು ಅಳಿಸಲು ಹೋಗಿ ಕೆಟ್ಟ ರೀತಿಯಲ್ಲಿ ಶುದ್ಧೀಕರಿಸಿದ ಪ್ರತಿಯಲ್ಲಿ, ಗಾಯಕಿ ಸಾಲು ಮುಗಿಸಿದೊಡನೆ ಹಿನ್ನೆಲೆ ಪೂರ್ತಿ ನಿಶ್ಶಬ್ದವಾಗಿ, ಮುಂದಿನ ಸಾಲಿನ ಮೊದಲ ಅಕ್ಷರದೊಂದಿಗೆ ಸದ್ದು ಮತ್ತೆ ಒಳನುಗ್ಗುತ್ತದೆ. ಅದೇ ಕಡತವನ್ನು ಕಡಿಮೆ ಬಿಟ್‌ರೇಟಿನ ಎಂಪಿ3 ಮಾಡಿದಾಗ 'ಸ', 'ಶ' ಅಕ್ಷರಗಳು ನೀರಿನಲ್ಲಿ ಅಲುಗಾಡಿಸಿದಂತೆ ಕೇಳುತ್ತವೆ. ಅಗ್ಗದ ಇಯರ್‌ಫೋನಿನಲ್ಲಿ, ಬಸ್ಸಿನ ಗದ್ದಲದ ನಡುವೆ ಇದು ಗಮನಕ್ಕೇ ಬರುವುದಿಲ್ಲ; ಒಳ್ಳೆಯ ಹೆಡ್‌ಫೋನ್ ಮತ್ತು ಆಂಪ್ಲಿಫೈಯರ್ ಇದನ್ನು ಮರೆಮಾಚದೆ ಕೇಳಿಸುತ್ತವೆ.

ಹೊಸ ಹಾಡುಗಳಿಗೂ ಈ ಮಾತು ಸಲ್ಲುತ್ತದೆ. ಅಮೆರಿಕದ ರಾಕ್ ತಂಡ ಮೆಟಾಲಿಕಾದ 2008ರ 'ಡೆತ್ ಮ್ಯಾಗ್ನೆಟಿಕ್' ಆಲ್ಬಮನ್ನು ವಿಪರೀತ ಜೋರು ಮಾಡಲು ಹೋಗಿ ಧ್ವನಿಯ ಅಲೆಗಳ ತುದಿಯನ್ನೇ ಕತ್ತರಿಸಲಾಗಿತ್ತು. ಅದೇ ಹಾಡುಗಳ ವಿಡಿಯೊ ಗೇಮ್ ಆವೃತ್ತಿ ಅದಕ್ಕಿಂತ ಚೆನ್ನಾಗಿದೆಯೆಂದು ಅಭಿಮಾನಿಗಳೇ ದೂರಿದರು. ಕತ್ತರಿಸಿಹೋದ ತುದಿಯನ್ನು ಯಾವ ಆಂಪ್ಲಿಫೈಯರೂ ಮರಳಿ ತರಲಾರದು.

ಮೊದಲು ಹಳೆಯ ಮತ್ತು ಹೊಸ ಆಂಪ್ಲಿಫೈಯರುಗಳ ಧ್ವನಿಮಟ್ಟವನ್ನು ಸರಿಸಮ ಮಾಡಿ ಹೋಲಿಸಿ ನೋಡಿ. ಹೊಸದರಲ್ಲಿ ಗೇನ್ (ಧ್ವನಿ ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಹೆಚ್ಚಿದ್ದು ನೀವು ಅರಿವಿಲ್ಲದೆ ಜೋರಾಗಿ ಕೇಳುತ್ತಿರಬಹುದು. ಬಳಿಕ ವಿಂಡೋಸ್ ಕಂಪ್ಯೂಟರಿನಲ್ಲಿ ಧ್ವನಿ ಹೊಂದಿಸುವ ತಂತ್ರಾಂಶವಾದ ಈಕ್ವಲೈಜರ್ ಎಪಿಒ ಹಾಕಿಕೊಂಡು 6 ಕಿಲೋಹರ್ಟ್ಸ್‌ನಿಂದ ಮೇಲಿನದನ್ನು 3–4 ಡೆಸಿಬೆಲ್ ಇಳಿಸಿ, ಎರಡೂ ಚಾನೆಲ್‌ಗಳನ್ನು ಕೂಡಿಸಿ ಮಾನೋ ಮಾಡಿ. ಎಡ–ಬಲಗಳಲ್ಲಿ ಬೇರೆಬೇರೆಯಾಗಿರುವ ಗದ್ದಲ ಇದರಿಂದ ಹಾಡಿಗಿಂತ ಸುಮಾರು 3 ಡೆಸಿಬೆಲ್ ಕೆಳಗಿಳಿಯುತ್ತದೆ, ಒಂದು ಕಿವಿಯಿಂದ ಇನ್ನೊಂದಕ್ಕೆ ಜಾರಾಡುವ ಕೃತಕ ಸ್ಟೀರಿಯೊ ಕೂಡ ನಿಲ್ಲುತ್ತದೆ. ಒಂದೇ ಹಾಡಿನ ಹಲವು ಪ್ರತಿಗಳು ಸಿಕ್ಕಿದರೆ, ಹೆಚ್ಚು ಶುದ್ಧೀಕರಿಸದೆ ಸರ‍್ರೆನ್ನುವ ಸದ್ದನ್ನು ಹಾಗೆಯೇ ಬಿಟ್ಟಿರುವುದನ್ನು ಆರಿಸಿಕೊಳ್ಳಿ.