ಹಳೆ ಬಣ್ಣ, ಸೀಸದ ಧೂಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಮೈಸೂರಿನಲ್ಲಿ ಅಜ್ಜನ ಕಾಲದ ಮನೆ. ಕಿಟಕಿ, ಬಾಗಿಲಿನ ಆಯಿಲ್ ಪೇಂಟ್ ಚಕ್ಕೆ ಏಳುತ್ತಿದೆ. ಮನೆಯಲ್ಲಿ ಎರಡು ವರ್ಷದ ಮಗುವಿದೆ. ಪೇಂಟರ್ ‘ಎಲ್ಲ ಸುಟ್ಟು, ಉಜ್ಜಿ, ಹೊಸದಾಗಿ ಹೊಡೆಯೋಣ’ ಎನ್ನುತ್ತಾರೆ. ಸೀಸ ಇದ್ದೀತೇ?

ಉತ್ತರ: ಇರುವ ಸಾಧ್ಯತೆ ಸಾಕಷ್ಟಿದೆ. ಅದು ತಿಳಿಯುವವರೆಗೆ ಬಣ್ಣ ಸುಡುವ ಬ್ಲೋ ಲ್ಯಾಂಪ್ ಹಚ್ಚಲು ಬಿಡಬೇಡಿ. ಮನೆಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ಕಡ್ಡಾಯ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಎನಾಮಲ್ ಪೇಂಟನ್ನೆಲ್ಲ ಅನುಮಾನದಿಂದಲೇ ನೋಡಬೇಕು. ಅದರಲ್ಲೂ ಗಾಢ ಹಳದಿ, ಕಿತ್ತಳೆ, ಕೆಂಪು, ಹಸಿರು. ಆ ಹೊಳಪಿಗೆ ಸೀಸದ ಕ್ರೋಮೇಟ್ ಬಳಸುತ್ತಿದ್ದರು. ಗೋಡೆಗೆ ಬಳಿದ ಬರೀ ಸುಣ್ಣದ ಬಗ್ಗೆ ಅಷ್ಟು ಚಿಂತೆ ಬೇಡ. ಕಿಟಕಿಯ ಕಬ್ಬಿಣದ ಸರಳನ್ನು ಒಂದು ಮೂಲೆಯಲ್ಲಿ ಕೆರೆದು ನೋಡಿ. ತಳದ ಪ್ರೈಮರ್ ಸಿಂಧೂರದ ಕಿತ್ತಳೆ ಬಣ್ಣದ್ದಾಗಿದ್ದರೆ ಅದು ರೆಡ್ ಲೆಡ್, ಅಂದರೆ ಸೀಸವೇ, ಆಗಿರಬಹುದು. ಇಟ್ಟಿಗೆಯಂತೆ ಕಂದುಗೆಂಪಾಗಿದ್ದರೆ ಸಾಮಾನ್ಯವಾಗಿ ರೆಡ್ ಆಕ್ಸೈಡ್, ಅದು ಕಬ್ಬಿಣದ್ದು. ನಮ್ಮ ಹಳೆ ಮನೆಗಳ ಕೆಂಪು ನೆಲಕ್ಕೆ ಹಾಕಿದ್ದೂ ಅದನ್ನೇ. ಆ ನೆಲವನ್ನು ಕೀಳಿಸಬೇಡಿ.

ಕಣ್ಣಂದಾಜಿಗಿಂತ ಲ್ಯಾಬ್ ಪರೀಕ್ಷೆ ಮೇಲು. ಮರೆಯಲ್ಲಿರುವ ಜಾಗದಲ್ಲಿ ನೀರು ಸಿಂಪಡಿಸಿ, ಮರ ಕಾಣುವವರೆಗೆ ಎಲ್ಲ ಪದರವನ್ನೂ ಬ್ಲೇಡಿನಿಂದ ಎಬ್ಬಿಸಿ, ಜಿಪ್ ಕವರಿನಲ್ಲಿ ಹಾಕಿ ಎನ್‌ಎಬಿಎಲ್ (ಲ್ಯಾಬುಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬಿಗೆ ಕೊಡಿ. ಮೇಲಿನ ಒಂದೇ ಪದರ ಕೊಟ್ಟರೆ ಹೊಸ ಪೇಂಟಿನ ವರದಿ ಬರುತ್ತದೆ, ಕೆಳಗಿನದು ಬಚ್ಚಿಟ್ಟುಕೊಂಡೇ ಇರುತ್ತದೆ. ಮರದ ಚೂರು ಸೇರಿದರೆ ಅಂಕಿ ಸುಳ್ಳೇ ಕಡಿಮೆಯಾಗುತ್ತದೆ. ಆನ್‌ಲೈನ್‌ನಲ್ಲಿ ಸಿಗುವ ಬಣ್ಣ ತಿರುಗುವ ಕಡ್ಡಿಗಳನ್ನು ಪೂರಾ ನಂಬಬೇಡಿ. ಅಮೆರಿಕದಲ್ಲಿ ಹಳೆ ಬಣ್ಣವನ್ನು ‘ಸೀಸದ್ದು’ ಎಂದು ಕರೆಯುವುದು 5,000 ಪಿಪಿಎಂನಿಂದ. ಆ ಲೆಕ್ಕಕ್ಕೆ ಮಾಡಿದ ಕಿಟ್ ಅದಕ್ಕಿಂತ ಕಡಿಮೆ ಇದ್ದರೆ ಸುಮ್ಮನಿರಬಹುದು. ಕೆಂಪು ಬಣ್ಣದ ಮೇಲಂತೂ ಕಡ್ಡಿ ಕೆಂಪಾದದ್ದು ಸೀಸದಿಂದಲೋ ಪೇಂಟಿನಿಂದಲೋ ಗೊತ್ತಾಗದು.

ಪ್ರಶ್ನೆ: ಸೀಸ ಇದೆ ಎಂದು ವರದಿ ಬಂದರೆ ಎಲ್ಲವನ್ನೂ ಕೆರೆಸಲೇಬೇಕೇ?

ಉತ್ತರ: ಬೇಡ. ಗಟ್ಟಿಯಾಗಿ ಅಂಟಿಕೊಂಡ ಬಣ್ಣ ಯಾರಿಗೂ ತೊಂದರೆ ಕೊಡುವುದಿಲ್ಲ, ಧೂಳಾದರೆ ಕೊಡುತ್ತದೆ. ಅಂಥ ಕಡೆ ತೊಳೆದು, ಒದ್ದೆ ವಾಟರ್ ಪೇಪರಿನಿಂದ ಹೊಳಪು ಮಾತ್ರ ತೆಗೆದು, ಪ್ರೈಮರ್ ಮತ್ತು ಎರಡು ಕೋಟ್ ಹೊಸ ಪೇಂಟ್ ಹೊಡೆದರೆ ಸಾಕು.

ಕಿಟಕಿಯ ಅಂಚುಗಳದ್ದು ಬೇರೆ ಕಥೆ. ತೆಗೆದು ಮುಚ್ಚುವಾಗಲೆಲ್ಲ ಕದವು ಚೌಕಟ್ಟಿಗೆ ಉಜ್ಜುತ್ತದೆ, ಹಿಟ್ಟಿನಂಥ ಪುಡಿ ಕೆಳಗಿನ ಕಟ್ಟೆಗೆ ಬೀಳುತ್ತದೆ. ಮಗು ಕೈಯೂರಿ ನಿಲ್ಲುವುದೂ ಅಲ್ಲೇ. ಅಲ್ಲಿ ಹೊಸ ಪೇಂಟ್ ಹೊಡೆದರೂ ಮತ್ತೆ ಸವೆಯುತ್ತದೆ. ಕದವನ್ನು ಕೀಲಿನಿಂದ ಬಿಚ್ಚಿ ಹೊರಗೆ ಒಯ್ದು, ಅಂಚನ್ನು ಒದ್ದೆಯಾಗಿಯೇ ಮರದವರೆಗೆ ಕೆರೆಸಿ. ಕೂರಿಸುವಾಗ ಉಜ್ಜದಷ್ಟು ಸಂದು ಬಿಡಿಸಿ.

ಕೆಲಸ ನಡೆಯುವಾಗ ಮಕ್ಕಳು, ಗರ್ಭಿಣಿಯರು ಬೇರೆ ಮನೆಯಲ್ಲಿರಲಿ. ಫ್ಯಾನ್ ಆರಿಸಿ, ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಎರಡೂ ಕಡೆ ಎರಡು ಮೀಟರ್ ಚಾಚಿ ಹಾಸಿ, ಅಂಚಿಗೆ ಟೇಪ್ ಹಚ್ಚಿ. ಸ್ಪ್ರೇ ಬಾಟಲಿಯ ನೀರಿಗೆ ನಾಲ್ಕು ಹನಿ ಪಾತ್ರೆ ಸೋಪು ಹಾಕಿ ಸಿಂಪಡಿಸುತ್ತಾ ಕೆರೆಯಬೇಕು, ಒಣಗಿದೊಡನೆ ಮತ್ತೆ ಸಿಂಪಡಿಸಬೇಕು. ಕೆಲಸದವರಿಗೆ ನುಣುಪು ಧೂಳನ್ನೂ ತಡೆಯುವ ಪಿ100 ಮಾಸ್ಕ್ ಬೇಕು, ಕೊರೊನಾ ಕಾಲದ ಬಟ್ಟೆ ಮಾಸ್ಕ್ ನಡೆಯದು. ಬ್ಲೋ ಲ್ಯಾಂಪಿನ ಬಿಸಿಗೆ ಸೀಸ ಹೊಗೆಯಾಗಿ ಏಳುತ್ತದೆ, ಸ್ಯಾಂಡಿಂಗ್ ಮೆಷಿನ್ ಅದನ್ನು ಮನೆಯೆಲ್ಲ ಹರಡುತ್ತದೆ. ಎರಡೂ ಬೇಡ.

ಮುಗಿದ ಮೇಲೆ ಹಾಳೆಯನ್ನು ಒಳಮುಖವಾಗಿ ಸುತ್ತಿ ತೆಗೆಯಿರಿ. ಪೊರಕೆ ಹಿಡಿಯಲೇಬೇಡಿ. ಸೋಪು ನೀರಿನ ಬಟ್ಟೆಯಿಂದ ಒರೆಸಿ, ಆಮೇಲೆ ಬೇರೆ ಬಕೆಟ್ಟಿನ ಶುದ್ಧ ನೀರಿನಿಂದ ಇನ್ನೊಮ್ಮೆ. ಹೆಪಾ ಫಿಲ್ಟರ್ ಇಲ್ಲದ ವ್ಯಾಕ್ಯೂಮ್ ಕ್ಲೀನರ್ ನುಣುಪು ಧೂಳನ್ನು ಹಿಂದಿನಿಂದ ಊದುತ್ತದೆ. ಕೆಲಸದ ಬಟ್ಟೆ ಬೇರೆಯಾಗಿ ಒಗೆಯಿರಿ. ಕೆರೆದ ಪುಡಿಯನ್ನು ಎರಡು ಕವರಿನಲ್ಲಿ ಕಟ್ಟಿ, ಅಪಾಯಕಾರಿ ಮನೆಕಸವೆಂದು ಹೇಳಿ ಕೊಡಿ.

ಇನ್ನೊಂದು: ಕಿತ್ತ ಹಳೆ ಚೌಕಟ್ಟು ‘ಒಳ್ಳೆ ಸೌದೆ’ ಎಂದು ಬಚ್ಚಲ ಒಲೆಗೆ ಹೋಗುವುದುಂಟು. ಸೀಸ ಉರಿದು ಹೋಗುವ ವಸ್ತುವಲ್ಲ. ಅರ್ಧ ಹೊಗೆಯಲ್ಲಿ, ಅರ್ಧ ಬೂದಿಯಲ್ಲಿ ಉಳಿಯುತ್ತದೆ. ಆ ಬೂದಿಯಲ್ಲಿ ಪಾತ್ರೆ ತಿಕ್ಕಿದರೆ ಏನಾಗುತ್ತದೆಂದು ಹೇಳಬೇಕಿಲ್ಲ.

ಪ್ರಶ್ನೆ: ಮಗುವಿಗೆ ರಕ್ತ ಪರೀಕ್ಷೆ ಬೇಕೇ? ನೋಡಲು ಆರೋಗ್ಯವಾಗಿದೆ.

ಉತ್ತರ: ಮಾಡಿಸಿ. ಕಡಿಮೆ ಮಟ್ಟದ ಸೀಸಕ್ಕೆ ಹೊರಗೆ ಕಾಣುವ ಲಕ್ಷಣವಿರುವುದಿಲ್ಲ, ಕಲಿಕೆ ಮತ್ತು ಗಮನಕ್ಕೆ ಮಾತ್ರ ಪೆಟ್ಟು ಬೀಳುತ್ತದೆ. ನರದಿಂದ ತೆಗೆದ ರಕ್ತವೇ ಲೇಸು. ಬೆರಳು ಚುಚ್ಚಿ ತೆಗೆದರೆ ಚರ್ಮದ ಮೇಲಿನ ಧೂಳೂ ಲೆಕ್ಕಕ್ಕೆ ಬರಬಹುದು. ರಕ್ತದಲ್ಲಿ ಸೀಸ ಡೆಸಿಲೀಟರಿಗೆ (100 ಮಿಲಿಲೀಟರಿಗೆ) 5 ಮೈಕ್ರೊಗ್ರಾಂ ಮುಟ್ಟಿದರೆ ಮೂಲ ಹುಡುಕಿ ತಪ್ಪಿಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 45 ತಲುಪಿದರೆ ಆಸ್ಪತ್ರೆಯ ಚಿಕಿತ್ಸೆ ಬೇಕಾಗುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಕೊರತೆಯಿದ್ದ ಮಗುವಿನ ಮೈ ಸೀಸವನ್ನು ಹೆಚ್ಚು ಹೀರುತ್ತದೆ. ರಾಗಿ, ಸೊಪ್ಪು, ನಿಂಬೆ ಒಳ್ಳೆಯದೇ, ಆದರೆ ಕಿಟಕಿ ರಿಪೇರಿಗೆ ಅದು ಬದಲಿಯಲ್ಲ.

ಪ್ರಶ್ನೆ: ನಲ್ಲಿ ನೀರಿನ ಟಿಡಿಎಸ್ (ಕರಗಿದ ಒಟ್ಟು ಲವಣಾಂಶ) 150 ಇದೆ. ಸೀಸ ಇಲ್ಲವೆಂದು ಭಾವಿಸಬಹುದೇ?

ಉತ್ತರ: ಇಲ್ಲ. ಕುಡಿಯುವ ನೀರಿನಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅಷ್ಟು ಸಣ್ಣ ಅಂಶ ಟಿಡಿಎಸ್ ಮೀಟರಿಗೆ ಕಾಣಿಸದು. ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರಿನ ಮೊದಲ ಲೀಟರನ್ನೇ ಹಿಡಿದು ಲ್ಯಾಬಿಗೆ ಕೊಡಿ. ಹಳೆ ಹಿತ್ತಾಳೆ ನಲ್ಲಿ, ಬೆಸುಗೆ, ಹಳೆ ಪಿವಿಸಿ ಪೈಪಿನಿಂದ ಸೀಸ ಬಿಟ್ಟಿದ್ದರೆ ಅದರಲ್ಲೇ ಹೆಚ್ಚು ಸಿಗುತ್ತದೆ. ವರದಿ ಬರುವವರೆಗೆ ಬೆಳಗಿನ ಮೊದಲ ಬಕೆಟ್ ನೀರನ್ನು ನೆಲ ಒರೆಸಲು ಬಳಸಿ, ಅಡುಗೆಗೆ ಗೀಸರ್ ನೀರು ಹಿಡಿಯಬೇಡಿ. ಕುದಿಸಿದರೆ ಸೀಸ ಹೋಗದು. ನೀರು ಬತ್ತಿದಷ್ಟೂ ಉಳಿದದ್ದರಲ್ಲಿ ಅದರ ಪಾಲು ಏರುತ್ತದೆ.