ಕುಡಿಯದವರಿಗೂ ಎಸ್‌ಜಿಒಟಿ ಜಾಸ್ತಿ ಬರುತ್ತದಾ?

ಮೈಸೂರಿನವರು, ವಯಸ್ಸು 32, ಕುಡಿಯುವ ಅಭ್ಯಾಸ ಇಲ್ಲ, ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಲಿವರ್ ಟೆಸ್ಟಿನ ಎನ್‌ಜೈಮ್‌ಗಳಾದ ಎಸ್‌ಜಿಒಟಿ 88, ಎಸ್‌ಜಿಪಿಟಿ 54 ಬಂದಿದೆ, ಲಿವರ್ ಹೋಯಿತಾ ಎಂದು ಕೇಳಿದ್ದೀರಿ. ಕೊನೆಯಲ್ಲಿ ಸುಮ್ನೆ ಒಂದು ಸಾಲು: ಜಿಮ್ ಸೇರಿ ಎರಡು ವಾರ ಆಯಿತು. ನನ್ನ ಕಣ್ಣು ನಿಂತಿದ್ದು ಅಲ್ಲೇ.

ನಾನು ಡಾಕ್ಟರಲ್ಲ, ಮಂಡ್ಯ ಕಡೆಯವನು. ಒಂದು ಸಲ ನಮ್ಮ ಕಬ್ಬಿಗೆ ಕಟಾವಿನ ಸರದಿ ಬಂತು, ಆಳುಗಳು ಕೈಕೊಟ್ಟರು. ವರ್ಷವಿಡೀ ಕುರ್ಚಿ ಬಿಡದ ನಾನು ಎರಡು ದಿನ ಅಪ್ಪನ ಜೊತೆ ಕಬ್ಬು ಕಡಿದೆ, ಹೊರೆ ಹೊತ್ತೆ. ಮೂರನೇ ದಿನ ಮೈಕೈ ನೋವಿನಲ್ಲೇ ಹೋಗಿ ಚೆಕಪ್‌ಗೆ ರಕ್ತ ಕೊಟ್ಟೆ. ಎಸ್‌ಜಿಒಟಿ 124, ಎಸ್‌ಜಿಪಿಟಿ 58. ಹೀಗೆ ಎಸ್‌ಜಿಒಟಿ ಎಸ್‌ಜಿಪಿಟಿಯ ಎರಡು ಪಟ್ಟು ದಾಟಿದರೆ ಮೊದಲು ಅನುಮಾನ ಹೋಗುವುದೇ ಕುಡಿತದ ಮೇಲೆ. ಹೆಂಡತಿ ನೋಡಿದ ನೋಟ ಇನ್ನೂ ಮರೆತಿಲ್ಲ! ಅವ್ವ ಬೇರೆ, ಕಾಮಾಲೆ ಇರಬೇಕು, ನಾಟಿ ಔಷಧಿ ಕೊಡಿಸೋಣ ಅಂತ ಹೊರಟೇಬಿಟ್ಟಳು.

ಡಾಕ್ಟರ್ ಕೇಳಿದ್ದು ಒಂದೇ: "ಈ ವಾರ ಏನು ಕೆಲಸ ಮಾಡಿದ್ರಿ?"

ಎಸ್‌ಜಿಒಟಿ ಲಿವರ್ ಒಂದರದ್ದೇ ಅಲ್ಲ. ಮಾಂಸಖಂಡ, ಹೃದಯ, ಕೆಂಪು ರಕ್ತಕಣ ಎಲ್ಲದರಲ್ಲೂ ಇದೆ. ಎಸ್‌ಜಿಪಿಟಿ ಹೆಚ್ಚಾಗಿ ಲಿವರ್‌ನದು, ಆದರೂ ಮಾಂಸಖಂಡದಲ್ಲಿ ಸ್ವಲ್ಪ ಇದೆ. ರೂಢಿ ಇಲ್ಲದ ಮೈಗೆ ಭಾರ ಬಿದ್ದರೆ ಅಲ್ಲಿಂದ ಸೋರಿ ರಕ್ತಕ್ಕೆ ಸೇರುತ್ತದೆ, ಒಂದು ವಾರದ ಮೇಲೂ ಕಾಣಬಹುದು. ಅದಕ್ಕೇ ಡಾಕ್ಟರ್ ಸಿಪಿಕೆ ಮತ್ತು ಜಿಜಿಟಿ ಅನ್ನುವ ಎರಡು ರಕ್ತದ ಟೆಸ್ಟ್ ಬರೆದುಕೊಟ್ಟರು. ಸಿಪಿಕೆ ಮಾಂಸಖಂಡದ ಲೆಕ್ಕ ಹೇಳುತ್ತದೆ. ನನ್ನದು 1,900 ಇತ್ತು. ಜಿಜಿಟಿ ಲಿವರ್ ಕಡೆಯದು, ಮಾಂಸಖಂಡದಿಂದ ಏರುವುದಿಲ್ಲ; ನನ್ನದು ನಾರ್ಮಲ್ ಇತ್ತು. ಮೂರು ವಾರ ಸುಮ್ಮನಿದ್ದು ಮತ್ತೆ ಕೊಟ್ಟಾಗ ಎಸ್‌ಜಿಒಟಿ 29.

ಇನ್ನೂ ಕೆಲವು ಹೀಗೇ ಹೆದರಿಸುತ್ತವೆ. ರಕ್ತ ತೆಗೆಯುವಾಗ ಟ್ಯೂಬಿನಲ್ಲಿ ರಕ್ತಕಣ ಒಡೆದರೂ ಎಸ್‌ಜಿಒಟಿ ಏರುತ್ತದೆ. ಬೆಳೆಯುವ ಮಕ್ಕಳಲ್ಲಿ, ತುಂಬು ಗರ್ಭಿಣಿಯರಲ್ಲಿ ಲಿವರ್ ಟೆಸ್ಟಿನ ಇನ್ನೊಂದು ಎನ್‌ಜೈಮ್ ಎಎಲ್‌ಪಿ ಜಾಸ್ತಿ ಇರುವುದು ಸಹಜ; ಅದು ಮೂಳೆಯಿಂದಲೂ ಮಾಸಿನಿಂದಲೂ ಬರುತ್ತದೆ. ನನ್ನ ಭಾವಮೈದನಿಗೆ ಏಕಾದಶಿ ಉಪವಾಸ ಮಾಡಿದರೆ ಸಾಕು, ಬಿಲಿರುಬಿನ್ (ಕಾಮಾಲೆಯಲ್ಲಿ ಏರುವ ಹಳದಿ ವಸ್ತು) 2ರ ಹತ್ತಿರ ಹೋಗಿ ಕಣ್ಣು ತುಸು ಹಳದಿ. ಎನ್‌ಜೈಮ್‌ಗಳೆಲ್ಲ ಸರಿ, ಏರುವುದು ಇನ್‌ಡೈರೆಕ್ಟ್ ಬಿಲಿರುಬಿನ್, ಅಂದರೆ ಲಿವರ್ ಇನ್ನೂ ಸಂಸ್ಕರಿಸದ ಭಾಗ ಮಾತ್ರ. ಗಿಲ್ಬರ್ಟ್ ಸಿಂಡ್ರೋಮ್ ಅಂತ, ಹುಟ್ಟಿನಿಂದ ಬಂದದ್ದು, ಔಷಧಿಯೇ ಬೇಡ. ಅದು ಗೊತ್ತಾಗುವ ಮೊದಲು ಪಾಪ, ವರ್ಷಗಟ್ಟಲೆ ಪಥ್ಯ ಮಾಡಿದ್ದ.

ಆದರೆ ನಿಮ್ಮದೂ ಜಿಮ್ಮಿನದೇ ಅಂತ ಇಲ್ಲಿಂದ ನಾನು ಹೇಳಲಾರೆ. ಹೊಟ್ಟೆ ಬಂದಿದ್ದರೆ, ಶುಗರ್ ಇದ್ದರೆ ಫ್ಯಾಟಿ ಲಿವರ್ ಇರಬಹುದು, ಹೆಪಟೈಟಿಸ್ ಬಿ, ಸಿ ಕೂಡ ಸದ್ದಿಲ್ಲದೆ ಇರುತ್ತವೆ. ಡಾಕ್ಟರನ್ನು ಕೇಳಿ, ಎರಡು ವಾರ ಭಾರ ಎತ್ತದೆ ಇದ್ದು ಮತ್ತೆ ಟೆಸ್ಟ್ ಮಾಡಿಸಿ. ಸಿಪಿಕೆ, ಜಿಜಿಟಿ ಬೇಕಾ ಅಂತಲೂ ಕೇಳಿ. ಪ್ಯಾರಾಸಿಟಮಾಲ್, ಜಿಮ್ಮಿನ ಪೌಡರ್, ಮನೆಯ ಅಮೃತಬಳ್ಳಿ ಕಷಾಯ, ಏನು ತೆಗೆದುಕೊಳ್ಳುತ್ತಿದ್ದರೂ ಮುಚ್ಚಿಡಬೇಡಿ. ಅಮೃತಬಳ್ಳಿಯಿಂದ ಲಿವರ್‌ಗೆ ಪೆಟ್ಟಾದ ವರದಿಗಳು ಕೋವಿಡ್ ಸಮಯದಲ್ಲಿ ಬಂದಿದ್ದವು.

ಕಣ್ಣು ಹಳದಿಯಾದರೆ, ಊಟ ಸೇರದೆ ವಾಂತಿಯಾದರೆ, ಅಥವಾ ಜಿಮ್ ಮಾಡಿದ ಮೇಲೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಎರಡು ವಾರ ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ.